ಮೀಟರಿನಿಂದ 55 ಮೀಟರ್

ಚಾರ್ಜರ್ ಉಚಿತ ಎಂದು ಶೋರೂಮಿನವರು ಹೇಳಿದ್ದು ಸುಳ್ಳೇನಲ್ಲ. ಕಾರಿನ ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ 7.2 ಕಿಲೋವ್ಯಾಟ್‌ನ ಚಾರ್ಜರ್ ಬಂತು. ಗಾತ್ರದಲ್ಲಿ ನಮ್ಮ ಅಡುಗೆಮನೆಯ ನೀರಿನ ಫಿಲ್ಟರಿಗಿಂತ ಚಿಕ್ಕದು. ಅದನ್ನು ಗೋಡೆಗೆ ಕೂರಿಸಿಕೊಡುವುದೂ ಉಚಿತವೇ, ಮನೆಯ ಮೀಟರಿನಿಂದ ಕಾರು ನಿಲ್ಲುವ ಜಾಗ 15 ಮೀಟರ್ ಒಳಗಿದ್ದರೆ. ಸ್ವಂತ ಮನೆ, ಗೇಟಿನ ಪಕ್ಕ ಮೀಟರು, ಮೀಟರಿನ ಪಕ್ಕ ಕಾರು ಇರುವವರಿಗೆ ಈ ಷರತ್ತು ಕಣ್ಣಿಗೂ ಬೀಳುವುದಿಲ್ಲ. ನಮ್ಮದು ದಕ್ಷಿಣ ಬೆಂಗಳೂರಿನ, ಇಪ್ಪತ್ತೈದು ವರ್ಷ ಹಳೆಯ, 24 ಮನೆಗಳ ಅಪಾರ್ಟ್‌ಮೆಂಟು. ಮೀಟರುಗಳೆಲ್ಲ ಮುಂಭಾಗದಲ್ಲಿ, ಜನರೇಟರ್ ಪಕ್ಕದ ಕೋಣೆಯಲ್ಲಿವೆ. ನನ್ನ ಕಾರು ನಿಲ್ಲುವುದು ಹಿಂಭಾಗದಲ್ಲಿ, ಸಂಪಿನ ಆಚೆ. ಎಲೆಕ್ಟ್ರಿಷಿಯನ್ ಟೇಪು ಹಿಡಿದು ಕಂಬದಿಂದ ಕಂಬಕ್ಕೆ ಅಳೆದ. 55 ಮೀಟರ್ ಬಂತು.

ಆತ ಕೊಟ್ಟ ಅಂದಾಜು ಪಟ್ಟಿ ಹೀಗಿತ್ತು. ತಾಮ್ರದ ಕೇಬಲ್, ಪೈಪು, ಎಳೆಯುವ ಕೂಲಿ ಸೇರಿ ಮೀಟರಿಗೆ 550 ರೂಪಾಯಿಯಂತೆ 30,250. ಪ್ರತ್ಯೇಕ ಅರ್ಥಿಂಗ್ ಗುಂಡಿಗೆ 6,500. ಎಂಸಿಬಿ, ಆರ್‌ಸಿಸಿಬಿ ಇರುವ ಡಬ್ಬಿಗೆ 4,500. ಮೀಟರ್ ಕೋಣೆಯ ಗೋಡೆ ಕೊರೆಯಲು 1,200. ಚಾರ್ಜರ್ ಕೂರಿಸಿ, ಪರೀಕ್ಷಿಸಿ ಕೊಡಲು 3,500. ಕಾರಿಗೆಂದು ಬೇರೆ ಸಂಪರ್ಕ ಪಡೆಯುವ ಠೇವಣಿ, ಹೊಸ ಮೀಟರು, ಗುತ್ತಿಗೆದಾರರ ಓಡಾಟ ಎಲ್ಲ ಸೇರಿ 14,000. ಒಟ್ಟು 59,950. ಅರವತ್ತು ಸಾವಿರಕ್ಕೆ ಐವತ್ತು ರೂಪಾಯಿ ಕಡಿಮೆ. ಉಚಿತವಾಗಿ ಬಂದ ಪೆಟ್ಟಿಗೆಯನ್ನು ಗೋಡೆಗೆ ನೇತುಹಾಕುವ ಖರ್ಚು ಇದು.

ಪಟ್ಟಿಯನ್ನು ನಾಲ್ಕು ಸಲ ಓದಿದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ಬರೀ ದೂರಕ್ಕೆ ಕೊಡುವುದು. ದೂರ ಎರಡು ಸಲ ದುಡ್ಡು ಕೇಳುತ್ತದೆ. ಒಮ್ಮೆ ತಾಮ್ರದ ತೂಕದಲ್ಲಿ, ಆಮೇಲೆ ಪ್ರತಿ ರಾತ್ರಿ ಬಿಸಿಯಾಗುವ ತಂತಿಯಲ್ಲಿ. 7.2 ಕಿಲೋವ್ಯಾಟ್ ಚಾರ್ಜರ್ ಸುಮಾರು 32 ಆಂಪಿಯರ್ ಎಳೆಯುತ್ತದೆ. 6 ಚದರ ಮಿಲಿಮೀಟರ್ ದಪ್ಪದ ತಾಮ್ರದಲ್ಲಿ ಅಷ್ಟು ಕರೆಂಟು 55 ಮೀಟರ್ ಹೋಗಿ ಹಿಂದಿರುಗುವಷ್ಟರಲ್ಲಿ ಹತ್ತು ವೋಲ್ಟಿನಷ್ಟು ಇಳಿದಿರುತ್ತದೆ. ಸುಮಾರು 350 ವ್ಯಾಟ್ ಕಾರಿಗೆ ತಲುಪದೆ ಕೇಬಲ್ಲಿನ ಮೈಯಲ್ಲೇ ಬಿಸಿಯಾಗಿ ಹೋಗುತ್ತದೆ. ಹಳೆಯ ಕಾಲದ ಐದು ಫ್ಯಾನುಗಳನ್ನು ಯಾರೂ ಇಲ್ಲದ ಕೋಣೆಯಲ್ಲಿ ತಿರುಗಲು ಬಿಟ್ಟಂತೆ. ಇನ್ನೂ ದಪ್ಪದ ಕೇಬಲ್ ಹಾಕಿದರೆ ಈ ನಷ್ಟ ಇಳಿಯುತ್ತದೆ, ಪಟ್ಟಿಯ ಮೊತ್ತ ಏರುತ್ತದೆ.

ಅಷ್ಟು ವೇಗ ಯಾರಿಗೆ ಬೇಕು ಎಂಬ ಪ್ರಶ್ನೆ ಆಗ ಎದ್ದಿತು. ನನ್ನ ಕಾರು ದಿನಕ್ಕೆ ಓಡುವುದು 40 ಕಿಲೋಮೀಟರ್ ಮೀರುವುದಿಲ್ಲ. ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಎಂದು ಹಿಡಿದರೆ ದಿನಕ್ಕೆ 6 ಯೂನಿಟ್ ಸಾಕು. ಗೀಸರ್ ಹಾಕುವ ಸಾಮಾನ್ಯ 16 ಆಂಪಿಯರ್ ಸಾಕೆಟ್ಟಿನಲ್ಲಿ, 3.3 ಕಿಲೋವ್ಯಾಟ್ ಲೆಕ್ಕದಲ್ಲಿ ಅದು ಎರಡು ಗಂಟೆಯ ಕೆಲಸ. ಕಾರು ಮನೆಯಲ್ಲಿ ನಿಲ್ಲುವುದು ಹನ್ನೆರಡು ಗಂಟೆ. 2001ರಲ್ಲಿ ಇದೇ ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರು ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ದೂರದ ಊರಿಗೆ ಹೊರಡುವ ದಿನ ಬಿಟ್ಟರೆ ನಮಗೆ ಬೇಕಾದದ್ದು ಈಗಲೂ ಅಷ್ಟೇ. ಆದರೆ ಪೆಟ್ಟಿಗೆಯ ಮೇಲೆ 7.2 ಎಂದು ಬರೆದಿರುವಾಗ 3.3 ಎಂಬುದು ಯಾಕೋ ಕಡಿಮೆಯಾಯಿತೆನಿಸುತ್ತದೆ. ಬಫೆ ಊಟದಲ್ಲಿ ಎಲ್ಲವನ್ನೂ ತಟ್ಟೆಗೆ ಹಾಕಿಕೊಳ್ಳುವ ಹಾಗೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಅರವತ್ತು ಸಾವಿರ ಕೊಡಲು ನಾನು ಸಿದ್ಧನಾಗಿದ್ದೆ. ಅದಕ್ಕೊಂದು ಕಾರಣವಿತ್ತು. ನಾನು ಹೋಗುತ್ತಿದ್ದ ಸಾರ್ವಜನಿಕ ಚಾರ್ಜಿಂಗ್ ಜಾಗದಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು. ಮನೆಯ ಕರೆಂಟು ಆರು ರೂಪಾಯಿ ಆಸುಪಾಸು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ವ್ಯತ್ಯಾಸ 2,150 ರೂಪಾಯಿ. ಎರಡೂಕಾಲು ವರ್ಷ ದಾಟುವಷ್ಟರಲ್ಲಿ ಅರವತ್ತು ಸಾವಿರ ಹುಟ್ಟುತ್ತದೆ. ಕಾನೂನೂ ನನ್ನ ಕಡೆಗೇ ಇತ್ತು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾಹನ ಚಾರ್ಜ್ ಮಾಡಲು ಪ್ರತ್ಯೇಕ ಸಂಪರ್ಕ ಕೇಳಬಹುದು. ಸಂಘದವರು ಅನುಮತಿ ಕೊಡಲಿ ಎಂದು ವರ್ಷಗಟ್ಟಲೆ ಕಾಯುವ ಕಾಲ ಹೋಯಿತು ಎಂದುಕೊಂಡು ತಿಂಗಳ ಸಭೆಗೆ ಹೋದೆ. ಒಪ್ಪಿಗೆ ಕೇಳುವುದಕ್ಕಿಂತ ವಿಷಯ ತಿಳಿಸಿ ಬರುವ ಉದ್ದೇಶ.

ಸಭೆಯಲ್ಲಿ ನಿರೀಕ್ಷಿಸಿದ ಮಾತುಗಳೇ ಬಂದವು. ಬ್ಯಾಟರಿಗೆ ಬೆಂಕಿ ಹತ್ತಿದರೆ ಯಾರು ಹೊಣೆ ಎಂದರು ಒಬ್ಬರು. ಕೇಳಬೇಕಾದ ಪ್ರಶ್ನೆಯೇ. ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್‌ಸಿಸಿಬಿ ಇರುವ ಚಾರ್ಜರಿಗಿಂತ, ಎರಡನೇ ಮಹಡಿಯ ಬಾಲ್ಕನಿಯಿಂದ ಸ್ಕೂಟರಿಗೆ ಇಳಿಬಿಟ್ಟಿರುವ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು ಹೆಚ್ಚು ಅಪಾಯ ಎಂದು ಉತ್ತರ ಕೊಟ್ಟೆ. ಆ ವೈರಿನ ಹುಡುಗ ತಲೆ ತಗ್ಗಿಸಿದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೆಲಮಹಡಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ಅವರಿಗೆ ವಾಹನವಿಲ್ಲ, ಪಿಂಚಣಿಯಲ್ಲಿ ಬದುಕು. ಎಲ್ಲರ ಮಾತು ಮುಗಿದ ಮೇಲೆ ಕೇಳಿದರು. "ನೀವೊಬ್ರು ಹಾಕಿಸ್ಕೊಳ್ಳಿ, ಬೇಡ ಅನ್ನಲ್ಲ. ನಾಳೆ ಇನ್ನೊಬ್ರು, ನಾಡಿದ್ದು ಮತ್ತೊಬ್ರು. ಎಷ್ಟನೆಯವರು ಹಾಕಿಸಿದಾಗ ಟ್ರಾನ್ಸ್‌ಫಾರ್ಮರ್ ಸಾಲದೆ ಹೋಗುತ್ತೆ? ಅವತ್ತು ಹೊಸದಕ್ಕೆ ದುಡ್ಡು ಹಾಕಿ ಅಂತ ನನ್ ಮನೆಗೂ ಬರ್ತೀರಲ್ವಾ?"

ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮನೆಗೆ ಬಂದು ಕಾಗದ ತೆಗೆದುಕೊಂಡು ಕೂತೆ. ನಮ್ಮ ಆವರಣದ ಟ್ರಾನ್ಸ್‌ಫಾರ್ಮರ್ 100 ಕೆವಿಎ. ಕಟ್ಟಡ ಕಟ್ಟಿದ ಕಾಲಕ್ಕೆ ಮನೆಗೆ 4 ಕಿಲೋವ್ಯಾಟ್‌ನಂತೆ 24 ಮನೆಗೆ 96 ಎಂದು ಲೆಕ್ಕ ಹಾಕಿ ಇಟ್ಟದ್ದು. ಎಲ್ಲರೂ ಒಂದೇ ಗಳಿಗೆಗೆ ಎಲ್ಲವನ್ನೂ ಹಾಕುವುದಿಲ್ಲವಾದ್ದರಿಂದ ಅದರಲ್ಲಿ ಒಂದಷ್ಟು ಮಿಗುತ್ತದೆ. ಆ ಮಿಗತೆ ಯಾರೊಬ್ಬರ ಸ್ವತ್ತೂ ಅಲ್ಲ. 24 ಮನೆಯವರೂ ಫ್ಲ್ಯಾಟಿನ ಬೆಲೆಯಲ್ಲೇ ಅದಕ್ಕೆ ದುಡ್ಡು ಕೊಟ್ಟಿದ್ದಾರೆ, ಟೀಚರ್ ಕೂಡ. ಮೊದಲು ಚಾರ್ಜರ್ ಹಾಕಿಸುವ ಐದಾರು ಜನ ಆ ಮಿಗತೆಯನ್ನು ಬಳಸಿಕೊಳ್ಳುತ್ತಾರೆ, ಬಳಸಿದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಹತ್ತನೆಯವರೋ ಹನ್ನೆರಡನೆಯವರೋ ಅರ್ಜಿ ಹಾಕಿದಾಗ ಸಾಮರ್ಥ್ಯ ಸಾಲದು ಎಂಬ ಉತ್ತರ ಬರುತ್ತದೆ. ಎಲ್ಲರೂ 7.2 ಹಾಕಿಸಿ ಒಟ್ಟಿಗೆ ಚಾರ್ಜಿಗಿಟ್ಟರೆ 173 ಕಿಲೋವ್ಯಾಟ್ ಬೇಕು. ಅದನ್ನು ಹೊರುವ ಟ್ರಾನ್ಸ್‌ಫಾರ್ಮರಿನ ಖರ್ಚಿನ ಮುಂದೆ ನನ್ನ ಅರವತ್ತು ಸಾವಿರ ಚಿಲ್ಲರೆ. ಎಲೆಕ್ಟ್ರಿಷಿಯನ್ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಲಿಲ್ಲ. ಇರುವುದೂ ಸಾಧ್ಯವಿಲ್ಲ, ಏಕೆಂದರೆ ಅದನ್ನು ಕಟ್ಟಬೇಕಾದವರು ಇನ್ನೂ ಕಾರನ್ನೇ ಕೊಂಡಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮೊದಲು ತಲುಪಿದವರಿಗೆ ಮೊದಲು ಎಂಬ ನ್ಯಾಯ ನಮ್ಮಲ್ಲಿ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ಕರೆಂಟು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಓಡಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ತಂತಿ ಹಾದುಹೋದ ದಾರಿಯ ಎಷ್ಟೋ ಹಳ್ಳಿಗಳು ನಂತರವೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಗಣಿಗೆ ಕೊಡುವ ಶಕ್ತಿ ಇತ್ತು, ಕೊಂಡಿತು. ಅದರಿಂದ ಇಡೀ ನಾಡಿಗೆ ಒಳ್ಳೆಯದೇ ಆಯಿತು ಎಂದು ಶಾಲೆಯಲ್ಲಿ ಓದಿದ್ದೇವೆ, ನಿಜವೂ ಹೌದು. ತಂತಿಯ ಕೆಳಗೆ ಕತ್ತಲಲ್ಲಿ ಕೂತಿದ್ದವರ ಲೆಕ್ಕ ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ನನಗೆ ಈ ಲೆಕ್ಕಕ್ಕೆ ದಾರಿ ತೋರಿದ್ದು ಕರೆಂಟಿಗಿಂತ ಹಳೆಯ ಒಂದು ವ್ಯವಸ್ಥೆ. ನಮ್ಮ ಅಜ್ಜನ ಊರು ಕೋಲಾರ ಸೀಮೆಯದು. ಅಲ್ಲಿ ನದಿಯಿಲ್ಲ, ಇದ್ದದ್ದು ಕೆರೆ. ಕೆರೆಯ ನೀರನ್ನು ಅಚ್ಚುಕಟ್ಟಿಗೆ ಹಂಚುವವನು ನೀರುಗಂಟಿ. ತೂಬು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಯಾವಾಗ ಮಡೆ ತಿರುಗಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿ. ತೂಬಿನ ಪಕ್ಕದ ಗದ್ದೆಯವನಿಗೆ ನೀರು ಬಾಗಿಲಲ್ಲೇ ಇರುತ್ತದೆ. ಕೊನೆಯ ಗದ್ದೆಯವನಿಗೆ ದಾರಿಯಲ್ಲಿ ಇಂಗಿ ಉಳಿದದ್ದು. ತನ್ನ ಪಾಡಿಗೆ ಬಿಟ್ಟರೆ ಮೇಲಿನವನ ಬತ್ತ ಕೊಳೆಯುತ್ತದೆ, ಕೆಳಗಿನವನದು ಒಣಗುತ್ತದೆ, ಕೆರೆಯೂ ಬೇಗ ಖಾಲಿಯಾಗುತ್ತದೆ. ಸರದಿ ಹಾಕಿದರೆ ಅದೇ ನೀರು ಎಲ್ಲರಿಗೂ ಆಗಿಬರುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರ ಜಾಗ ತೂಬಿನ ಪಕ್ಕದಲ್ಲೇ ಇದೆ. ಮೀಟರ್ ಕೋಣೆಯಿಂದ 12 ಮೀಟರ್. ಅವರಿಗೂ ನನ್ನದೇ ಥರದ ಕಾರು, ನನ್ನದೇ ಥರದ ಚಾರ್ಜರ್. ಲೋಡ್ ಹೆಚ್ಚಿಸಿಕೊಳ್ಳುವ ಶುಲ್ಕ ಬಿಟ್ಟರೆ ಅವರಿಗೆ ಎಲ್ಲ ಉಚಿತವಾಗಿ ಆಯಿತು. ಪಾರ್ಕಿಂಗ್ ಜಾಗಗಳನ್ನು ಹಂಚಿದ್ದು ಇಪ್ಪತ್ತೈದು ವರ್ಷದ ಹಿಂದೆ, ಚೀಟಿ ಎತ್ತಿ. ಆಗ ಎಲ್ಲರೂ ಹಿಂಭಾಗದ ಜಾಗವೇ ಸಿಗಲಿ ಎಂದು ಆಸೆಪಟ್ಟಿದ್ದರಂತೆ. ಅಲ್ಲಿ ಹೊಂಗೆ ಮರದ ನೆರಳಿದೆ.

ಸರದಿಯ ಲೆಕ್ಕ ಹಾಕಿ ನೋಡಿದೆ. ಒಂದು ಕಾರಿಗೆ ದಿನಕ್ಕೆ 6 ಯೂನಿಟ್ ಎಂದರೆ 24 ಕಾರಿಗೆ 144 ಯೂನಿಟ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂಟು ಗಂಟೆಗೆ ಹಂಚಿದರೆ 18 ಕಿಲೋವ್ಯಾಟ್. 173 ಎಲ್ಲಿ, 18 ಎಲ್ಲಿ! ಒಂದೊಂದು ಕಾರಿಗೂ 3.3 ಕಿಲೋವ್ಯಾಟ್‌ನಂತೆ ಎರಡು ಗಂಟೆ, ಏಕಕಾಲಕ್ಕೆ ಆರು ಕಾರು, ರಾತ್ರಿಗೆ ನಾಲ್ಕು ಸರದಿ. ಎಲ್ಲ 24 ಮನೆಯವರೂ ಕಾರು ಕೊಂಡರೂ 20 ಕಿಲೋವ್ಯಾಟ್ ಲೈನು ಸಾಕು. ಆರು ಗಂಟೆಗೆ ಮನೆಮನೆಯ ಗೀಸರ್ ಹೊತ್ತಿಕೊಳ್ಳುವ ಮೊದಲೇ ಕಾರುಗಳ ಊಟ ಮುಗಿದಿರುತ್ತದೆ. ಈಗಿರುವ ಟ್ರಾನ್ಸ್‌ಫಾರ್ಮರನ್ನು ಮುಟ್ಟಬೇಕಾಗಿಲ್ಲ. ನೀರುಗಂಟಿಯ ಕೆಲಸಕ್ಕೆ ಒಂದು ಪ್ಯಾನೆಲ್ ಬೇಕು. ಪ್ರತಿ ಲೈನಿಗೊಂದು ಸಬ್‌ಮೀಟರ್, ಸರದಿ ಬಂದಾಗ ಲೈನ್ ಕೊಟ್ಟು ಮುಗಿದಾಗ ಕಡಿಯುವ ಕಾಂಟ್ಯಾಕ್ಟರ್ ಅದರಲ್ಲಿರುತ್ತದೆ. ಅವಸರಕ್ಕೆ ಹೆಚ್ಚು ಬೇಕಾದವರು ಹಿಂದಿನ ದಿನ ಹೇಳಿ ಎರಡು ಸರದಿ ಪಡೆಯಬಹುದು.

ಇದೇ ಎಲೆಕ್ಟ್ರಿಷಿಯನ್ ಇದಕ್ಕೂ ಅಂದಾಜು ಕೊಟ್ಟ. ಮೀಟರ್ ಕೋಣೆಯಿಂದ ಪಾರ್ಕಿಂಗಿನ ನಡುವಿನವರೆಗೆ ತ್ರೀಫೇಸ್ ಮುಖ್ಯ ಕೇಬಲ್, ಪ್ಯಾನೆಲ್, ಅರ್ಥಿಂಗ್, ಸಂಘದ ಹೆಸರಿನಲ್ಲಿ ಹೊಸ ಸಂಪರ್ಕ ಸೇರಿ 1,44,000. ಅಲ್ಲಿಂದ ಒಂದೊಂದು ಕಾರಿಗೆ ಕವಲು ಎಳೆಯಲು ತಲಾ 10,000. ಎಂಟು ಮನೆಯವರು ಮುಂದೆ ಬಂದೆವು. ಮುಖ್ಯ ಲೈನಿಗೆ ತಲಾ 18,000, ಕವಲಿಗೆ 10,000, ಒಟ್ಟು 28,000.

ಆಮೇಲೆ ಸೇರುವವರು ಎಷ್ಟು ಕೊಡಬೇಕು ಎಂಬ ನಿಯಮ ಬರೆದದ್ದು ಟೀಚರ್. ಅವರು ಗಣಿತದ ಟೀಚರ್ ಎಂಬುದು ಅವತ್ತೇ ನನಗೆ ತಿಳಿದದ್ದು. ಒಂಬತ್ತನೆಯವರು ಬಂದರೆ 1,44,000ವನ್ನು ಒಂಬತ್ತರಿಂದ ಭಾಗಿಸಿ 16,000 ಕೊಡಬೇಕು. ಆ ದುಡ್ಡು ಮೊದಲ ಎಂಟು ಮನೆಗೆ ತಲಾ 2,000ದಂತೆ ವಾಪಸು ಹೋಗುತ್ತದೆ. ಹಾಗಾಗಿ ಎಂಟು ಮನೆಯವರು ಕೊಟ್ಟದ್ದೂ 16,000ಕ್ಕೆ ಇಳಿಯುತ್ತದೆ. ಹೀಗೇ ಮುಂದುವರಿದು ಎಲ್ಲ 24 ಮನೆಯೂ ಸೇರಿದ ದಿನ ಮುಖ್ಯ ಲೈನಿನ ಬೆಲೆ ಪ್ರತಿ ಮನೆಗೂ 6,000. ಮೊದಲು ಬಂದವರಿಗೆ ಲಾಭವಿಲ್ಲ, ತಡವಾಗಿ ಬಂದವರಿಗೆ ದಂಡವಿಲ್ಲ. ವಾಹನವೇ ಇಲ್ಲದವರು ಒಂದು ರೂಪಾಯಿಯನ್ನೂ ಕೊಡುವಂತಿಲ್ಲ. "ನಾನಂತೂ ಕಾರ್ ತಗೊಳಲ್ಲ. ನನ್ ಮನೆ ಮುಂದೆ ಯಾರಾದ್ರೂ ಕೊಂಡ್ಕೋತಾರಲ್ಲ, ಅವರಿಗೆ ಇರ್ಲಿ" ಎಂದು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿದರು.

ಒಮ್ಮತಕ್ಕೂ ಬೆಲೆ ಇದೆ. ಸಭೆ, ಸಹಿ, ಅರ್ಜಿ, ಮತ್ತೆ ಸಭೆ ಎಂದು ಐದು ತಿಂಗಳು ಹೋದವು. ಆ ಐದು ತಿಂಗಳೂ ಹೊರಗಿನ ದರದಲ್ಲಿ ಚಾರ್ಜ್ ಮಾಡಿಸಿದ್ದರಿಂದ ನನಗೆ ಹೆಚ್ಚಿಗೆ ಬಿದ್ದದ್ದು 10,750. ಅದನ್ನೂ ಸೇರಿಸಿದರೆ ನನ್ನ ಖರ್ಚು 38,750. ಒಬ್ಬನೇ ಹಾಕಿಸಿದ್ದರೆ 59,950. ಭಾನುವಾರದ ರಾತ್ರಿಗಳಲ್ಲಿ ಚಾರ್ಜಿಂಗ್ ಜಾಗದಲ್ಲಿ ಸರತಿಗಾಗಿ ಕಾದ ಹೊತ್ತಿಗೆ ಬೆಲೆ ಕಟ್ಟಿಲ್ಲ. ಮನೆಯಲ್ಲಿ ಅದಕ್ಕೆ ಬೇರೆಯದೇ ಲೆಕ್ಕ ಇದೆ.

ಎರಡನೇ ಮಹಡಿಯ ಹುಡುಗನ ವಿಷಯ ಹೇಳಬೇಕಿತ್ತು. ಅವನು ಬಾಡಿಗೆಗೆ ಇರುವವನು, ಮನೆಯೊಡೆಯರು ಬೇರೆ ಊರಿನಲ್ಲಿದ್ದಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಇರುವವನು ಇನ್ನೊಬ್ಬರ ಗೋಡೆಗೆ 28,000 ಹಾಕು ಎಂದರೆ ಹೇಗೆ ಹಾಕುತ್ತಾನೆ? ಹಾಕಿದರೂ ಹೋಗುವಾಗ ಕೇಬಲ್ ಸುತ್ತಿಕೊಂಡು ಹೋಗಲಾಗುತ್ತದೆಯೇ? ಅವನಿಗೆ ಇನ್ನೊಂದು ಭಯವಿತ್ತು. ಸ್ಕೂಟರಿನ ಯೂನಿಟ್ಟುಗಳೂ ಮನೆಯ ಮೀಟರಿಗೇ ಬಿದ್ದು, ಒಟ್ಟು 200 ದಾಟಿದ ತಿಂಗಳು ಗೃಹಜ್ಯೋತಿಯ ಲಾಭ ತಪ್ಪಿ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ ತಿಂಗಳ ಕೊನೆಯ ವಾರ ಅವನು ಮೀಟರ್ ಕೋಣೆಗೆ ಹೋಗಿ ಓದು ನೋಡಿಕೊಂಡು ಬರುತ್ತಿದ್ದ. ಸ್ಕೂಟರುಗಳು ನಿಲ್ಲುವ ಗೋಡೆಗೆ ಸಬ್‌ಮೀಟರ್ ಇರುವ ಮೂರು ಸಾಮಾನ್ಯ ಸಾಕೆಟ್ ಹಾಕಿಸಿದೆವು. ಸಂಘದ ದುಡ್ಡಲ್ಲಿ ಬೇಡ ಎಂದು ನಿಯಮ ಇದ್ದುದರಿಂದ ಎಂಟು ಮನೆಯವರೇ ಹಂಚಿಕೊಂಡೆವು. ಬಳಸಿದಷ್ಟು ಯೂನಿಟ್ಟಿಗೆ ಅವನು ಕೊಟ್ಟರಾಯಿತು. ಬಾಲ್ಕನಿಯ ವೈರು ಮೇಲಕ್ಕೆ ಹೋಯಿತು.

12 ಮೀಟರ್ ದೂರದವರು ಸೇರಲಿಲ್ಲ. "ನನಗೆ ಆಗಲೇ ಇದೆಯಲ್ಲ ಸಾರ್" ಎಂದರು. ಅದರಲ್ಲಿ ತಪ್ಪೇನೂ ಇಲ್ಲ. ರಾತ್ರಿ ಹತ್ತರ ನಂತರವೇ ಚಾರ್ಜಿಗೆ ಇಡುತ್ತೇನೆ ಎಂದು ಒಪ್ಪಿದ್ದಾರೆ, ಬಹುತೇಕ ದಿನ ಹಾಗೇ ಮಾಡುತ್ತಾರೆ. ತೂಬಿನ ಪಕ್ಕದ ಗದ್ದೆಯವರನ್ನು ಸರದಿಗೆ ತರುವುದು ಕೆರೆಯಲ್ಲೂ ಸುಲಭವಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು.

ನೀರುಗಂಟಿಯ ವಿಷಯದಲ್ಲಿ ಅಜ್ಜ ಹೇಳದೆ ಬಿಟ್ಟ ಒಂದು ಮಾತಿದೆ, ಅದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅಷ್ಟು ಜನರ ಗದ್ದೆಗೆ ನೀರು ಹಂಚುತ್ತಿದ್ದವರು ಬಹಳ ಕಡೆ ದಲಿತ ಕುಟುಂಬದವರು. ಆ ನೀರು ಕುಡಿಯುವ ಗದ್ದೆ ಅವರಲ್ಲಿ ಎಷ್ಟೋ ಜನರಿಗೆ ಇರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಒಬ್ಬೊಬ್ಬರು ಅಳೆದು ಹಾಕಿದ ಧಾನ್ಯವೇ ಕೂಲಿ. ನಮ್ಮ ಪ್ಯಾನೆಲ್ ಬುದ್ಧಿವಂತ ಎಂದು ನಾವು ಹೇಳಿಕೊಂಡರೂ ಮಳೆ ಬಂದ ರಾತ್ರಿ ಅದರ ಬ್ರೇಕರ್ ಬಿದ್ದೇ ಬೀಳುತ್ತದೆ. ಆಗ ಟಾರ್ಚ್ ಹಿಡಿದು ಹೋಗಿ ನೋಡುವವರು, ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚುವವರು, ಮತ್ತೆ ಎತ್ತಬಹುದೋ ಬಾರದೋ ಎಂದು ಕೇಳಿಕೊಳ್ಳುವವರು ರಾತ್ರಿಯ ವಾಚ್‌ಮನ್. ಅವರು ಬರುವುದು ಸೈಕಲ್ಲಿನಲ್ಲಿ.

ಮೊದಲ ಮಳೆಯ ತಿಂಗಳು ಮೂರು ಸಲ ಹೀಗಾಯಿತು. ಮುಂದಿನ ಸಭೆಯಲ್ಲಿ ಎಂಟು ಮನೆಯವರು ತಲಾ 100ರಂತೆ ತಿಂಗಳಿಗೆ 800 ರೂಪಾಯಿ ಅವರ ಸಂಬಳಕ್ಕೆ ಸೇರಿಸಿದೆವು. ಟೀಚರ್ ಪುಸ್ತಕದಲ್ಲಿ ಅದನ್ನು ಬರೆದುಕೊಂಡು, ಒಂಬತ್ತನೆಯವರು ಸೇರಿದರೆ ಇದನ್ನು ಮಾತ್ರ ಭಾಗ ಮಾಡಿ ಇಳಿಸಕೂಡದು, 900 ಆಗಬೇಕು ಎಂದು ಪಕ್ಕದಲ್ಲಿ ಸೇರಿಸಿದರು.